ಕಂದು ಹಲ್ಲಿನ ಹುಳುಕು: ಡೀನ್ ಕೋಷ್ಟಕವನ್ನು ಮತ್ತೆ ಓದುತ್ತ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಫ್ಲೋರೈಡ್ ನೀರಿನ ಬಗ್ಗೆ ಬರೆಯುವವರಲ್ಲಿ ಒಂದು ಮಾತು ಕೈಯಿಂದ ಕೈಗೆ ದಾಟುತ್ತ ಬಂದಿದೆ: ಈ ಭಾಗದ ಹಲ್ಲು ಕಂದಾಗುತ್ತದೆ, ಹುಳುಕಾಗುವುದಿಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತು: ಹಲ್ಲಿನ ಬಣ್ಣದ ಫಿಲ್ಲಿಂಗ್ ಇಲ್ಲಿಗೆ ಬಂದದ್ದು ಚೆಂದಕ್ಕೆ, ಮದುವೆಗೆ ಮುಂಚೆ ಮುಂದಿನ ಹಲ್ಲಿನ ಕಲೆ ಮುಚ್ಚಿಸಿಕೊಳ್ಳುವವರಿಗೆ; ರೋಗಕ್ಕೆ ಮದ್ದಾಗಿ ಅದಕ್ಕೆ ಇಲ್ಲಿ ಚರಿತ್ರೆಯೇ ಇಲ್ಲ. ಎರಡು ಮಾತಿಗೂ ಬುಡ ಒಂದೇ. ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯ ಎಚ್. ಟ್ರೆಂಡ್ಲಿ ಡೀನ್ ಮತ್ತು ಸಂಗಡಿಗರು 1942ರಲ್ಲಿ ಪ್ರಕಟಿಸಿದ 21 ನಗರಗಳ ಸಮೀಕ್ಷೆ ಅದು. ಅದನ್ನು ಹೆಸರಿಸದ ಲೇಖನವಿಲ್ಲ. ಕೋಷ್ಟಕದ ಅಂಕಿಗಳನ್ನು ಒಂದೊಂದಾಗಿ ಓದಿದ ಗುರುತು ಮಾತ್ರ ಆ ಬರಹಗಳಲ್ಲಿ ಅಪರೂಪ.

ಡೀನ್ ನೋಡಿದ್ದು ನಾಲ್ಕು ರಾಜ್ಯಗಳ, 12ರಿಂದ 14 ವಯಸ್ಸಿನ 7,257 ಮಕ್ಕಳ ಬಾಯಿಯನ್ನು. ಹುಳುಕಾದ, ಕಿತ್ತ, ತುಂಬಿಸಿದ ಕಾಯಂ ಹಲ್ಲುಗಳನ್ನು ಒಟ್ಟು ಸೇರಿಸಿ ನೂರು ಮಕ್ಕಳಿಗೆ ಇಷ್ಟು ಎಂದು ಲೆಕ್ಕ ಹಾಕಿದರು. ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಫ್ಲೋರೈಡ್ ಇದ್ದ ಮಿಷಿಗನ್ ಸಿಟಿಯಲ್ಲಿ ಆ ಲೆಕ್ಕ 1,037. ಅರ್ಧ ಮಿಲಿಗ್ರಾಂ ಇದ್ದ ಎಲ್ಜಿನ್‌ನಲ್ಲಿ 444. ಇಳಿತ ದೊಡ್ಡದು, ಅದರ ಬಗ್ಗೆ ತಕರಾರಿಲ್ಲ. ಆದರೆ ಒಂದು ಮಿಲಿಗ್ರಾಂ ದಾಟಿದ ಮೇಲೆ ಆಗುವುದೇನು? 1.9 ಇದ್ದ ಗೇಲ್ಸ್‌ಬರ್ಗ್‌ನಲ್ಲಿ 236; ಪಟ್ಟಿಯಲ್ಲೇ ಅತಿ ಹೆಚ್ಚು, ಅಂದರೆ 2.6 ಇದ್ದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ 246. ಫ್ಲೋರೈಡ್ ಏರಿತು, ಹುಳುಕು ಇಳಿಯಲಿಲ್ಲ. ಹತ್ತು ಹಲ್ಲಿನ ಆ ಅಂತರಕ್ಕೆ ನಾನು ಹೆಚ್ಚು ತೂಕ ಕೊಡುವುದಿಲ್ಲ, ಅದು ಲೆಕ್ಕದ ಏರುಪೇರೂ ಇರಬಹುದು. ಮುಖ್ಯವಾದದ್ದು ಬೇರೆ. ಇಷ್ಟು ಫ್ಲೋರೈಡ್ ಕುಡಿದು ಬೆಳೆದ ಊರಿನಲ್ಲೂ ತಲೆಗೆ ಸುಮಾರು ಎರಡೂವರೆ ಹಲ್ಲು ಹುಳುಕಿಗೆ ಸಿಕ್ಕಿದ್ದವು. ‘ಹುಳುಕಾಗುವುದಿಲ್ಲ’ ಎಂಬ ತೀರ್ಮಾನ ಡೀನ್ ಕೋಷ್ಟಕದಲ್ಲಿಲ್ಲ. ಅದನ್ನು ಉಲ್ಲೇಖಿಸುವವರು ಸೇರಿಸಿದ್ದು.

ಇನ್ನು 2.6ರ ಆಚೆಗೆ ಆ ಕೋಷ್ಟಕ ಏನನ್ನೂ ಹೇಳುವುದಿಲ್ಲ. ಅಲ್ಲಿಂದ ಗೆರೆ ಎಳೆದು ನಮ್ಮ ಕೊಳವೆಬಾವಿಗಳವರೆಗೆ ತರಲು ಯಾರಿಗೂ ಹಕ್ಕಿಲ್ಲ. ಡೀನ್ ಹಾಕಿಕೊಂಡ ಇನ್ನೊಂದು ಕಟ್ಟನ್ನು ನಮ್ಮವರು ಪೂರಾ ಮರೆತಿದ್ದಾರೆ: ಊರಿಗೆಲ್ಲ ಒಂದೇ ನೀರಿನ ಮೂಲ ಇರಬೇಕು, ಮೂಲ ಬದಲಾಗಿರಬಾರದು, ಮಗು ಅಲ್ಲೇ ಬೆಳೆದಿರಬೇಕು. ಮುದ್ದೇಬಿಹಾಳದ ಗ್ರಾನೈಟು, ನೈಸು ಬಂಡೆಯ ನೀರು ಬೇರೆ, ಇಂಡಿಯ ಕರಿಗಲ್ಲಿನ ನೀರು ಬೇರೆ. ಒಂದೇ ಊರಿನ ಎರಡು ಬೋರುಗಳಲ್ಲೂ ಫ್ಲೋರೈಡ್ ಒಂದೇ ಸಮ ಇರಬೇಕೆಂದಿಲ್ಲ. ಸೇದುಬಾವಿಯಿಂದ ಬೋರಿಗೆ, ಬೋರಿನಿಂದ ಭೀಮೆ ಮತ್ತು ಕೃಷ್ಣೆಯ ನಲ್ಲಿ ನೀರಿಗೆ ಬಂದ ಊರುಗಳಿವು. ಜೊತೆಗೆ ಗುಳೆ ಹೋಗುವ ಮನೆಗಳು. ಇಲ್ಲಿ ‘ಫ್ಲೋರೈಡ್ ತಾಲ್ಲೂಕು’ ಎಂದು ಇಡೀ ತಾಲ್ಲೂಕಿಗೆ ಮುದ್ರೆ ಒತ್ತಿ, ಆ ಮುದ್ರೆಯಿಂದ ಹಲ್ಲಿನ ಸ್ಥಿತಿ ಊಹಿಸುವುದು ಡೀನ್ ಒಪ್ಪುವ ವಿಧಾನವಂತೂ ಅಲ್ಲ.

ಕಂದು ಹಲ್ಲೂ ಹುಳುಕಾಗುತ್ತದೆ ಎಂಬುದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ: ಹೆಚ್ಚು ಫ್ಲೋರೈಡಿನಿಂದ ಹಲ್ಲು ಕೆಡುವ ಫ್ಲೋರೋಸಿಸ್‌ನ ಕಂದು ಕುಳಿಯನ್ನೇ ಹುಳುಕೆಂದು ಎಣಿಸಿ ಲೆಕ್ಕ ಉಬ್ಬಿಸುತ್ತಿದ್ದೀರಿ ಎಂಬುದು. ಬಣ್ಣ ಮಾತ್ರ ಕೆಟ್ಟು ಮೇಲ್ಮೈ ನುಣುಪಾಗಿರುವ ಹಲ್ಲಿನ ಮಟ್ಟಿಗೆ ಆಕ್ಷೇಪ ಸರಿ. ಅಂಥ ಹಲ್ಲನ್ನು ಕೊರೆಯುವುದು ತಪ್ಪು. ತೀವ್ರ ಫ್ಲೋರೋಸಿಸ್‌ನ ಕಥೆ ಹಾಗಲ್ಲ. ಅಲ್ಲಿ ದಂತಕವಚದ ಹೊರಪದರ ಗಡುಸಾಗಿ, ಒಳಗೆ ಬೆಂಡಾಗಿರುತ್ತದೆ. ಹಲ್ಲು ಹುಟ್ಟಿ ಅಗಿಯಲು ತೊಡಗಿದ ಮೇಲೆ ಹೊರಪದರ ಚಕ್ಕೆ ಏಳುತ್ತದೆ, ಕುಳಿ ಬೀಳುತ್ತದೆ, ಕುಳಿಯಲ್ಲಿ ಆಹಾರ ಕೂರುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ 2006ರಲ್ಲಿ ತೀವ್ರ ಫ್ಲೋರೋಸಿಸ್ ಹಲ್ಲಿನ ರಕ್ಷಣೆಯನ್ನೇ ಕುಂದಿಸುತ್ತದೆಂದು ಕಂಡು, ಬಹುಮತದಿಂದ ಅದನ್ನು ಆರೋಗ್ಯದ ಹಾನಿಯೆಂದೇ ಕರೆಯಿತು. (ನೆಲ್ಲೂರು ಜಿಲ್ಲೆಯ ಫ್ಲೋರೋಸಿಸ್ ಬಗ್ಗೆ ಶಾರ್ಟ್ ಮತ್ತು ಸಂಗಡಿಗರ ವರದಿ ಬಂದದ್ದು 1937ರಲ್ಲಿ. ಅದನ್ನು ಬದಿಗಿಟ್ಟು ಡೀನ್ ನೋಡಿದ ಅಮೆರಿಕದ ಊರುಗಳಿಂದ ನಮ್ಮ ಹಲ್ಲಿನ ಭವಿಷ್ಯ ಹೇಳುವ ಉತ್ಸಾಹ ನನಗೆ ಅರ್ಥವಾಗಿಲ್ಲ.)

ಹಲ್ಲಿನ ಬಣ್ಣದ ಫಿಲ್ಲಿಂಗಿನ ಚರಿತ್ರೆ ಈ ಬೆಂಡು ಹಲ್ಲನ್ನು ಮುಟ್ಟುವುದು ಇಲ್ಲೇ. ‘ಬೆಳ್ಳಿ’ ಎಂದು ಕರೆಯುವ ಪಾದರಸದ ಮಿಶ್ರಣ ಹಲ್ಲಿಗೆ ಅಂಟುವುದಿಲ್ಲ. ಬಾಯಿ ಕಿರಿದು ತಳ ಅಗಲ ಕೊರೆದ ಗುಂಡಿಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಅಂಥ ಗುಂಡಿಗೆ ಗಟ್ಟಿ ಗೋಡೆ ಬೇಕು, ಚಕ್ಕೆ ಏಳುವ ಹಲ್ಲಿನಲ್ಲಿ ಇಲ್ಲದ್ದೇ ಅದು. ಅಂಟಿಕೊಳ್ಳುವ ವಸ್ತು ಬೇಕಾದದ್ದು ಆ ಕಾರಣಕ್ಕೆ. ಬಣ್ಣ ಹೊಂದಿದ್ದು ಮೇಲಿನ ಲಾಭ. 1955ರಲ್ಲಿ ರಾಚೆಸ್ಟರಿನ ಮೈಕಲ್ ಬುವನಕೋರ್, ಲೋಹಕ್ಕೆ ಬಣ್ಣ ಹಿಡಿಸಲು ಬಳಸುತ್ತಿದ್ದ ಫಾಸ್ಫಾರಿಕ್ ಆಮ್ಲವನ್ನು ಅರ್ಧ ನಿಮಿಷ ಹಲ್ಲಿನ ಮೇಲಿಟ್ಟು ತೊಳೆದು, ಅಕ್ರಿಲಿಕ್ ಅಂಟಿಸಿ ತೋರಿಸಿದರು. 1962ರಲ್ಲಿ ರಾಫೆಲ್ ಬೋವೆನ್‌ಗೆ ಬಿಸ್-ಜಿಎಂಎ ರಾಳದ ಪೇಟೆಂಟ್ ಸಿಕ್ಕಿತು, ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಹುಟ್ಟಿತು. ಪಠ್ಯಪುಸ್ತಕದ ಚರಿತ್ರೆ ಇಷ್ಟಕ್ಕೇ ಜಯಘೋಷ ಮಾಡಿ ಮುಗಿಯುತ್ತದೆ. ಆದರೆ ಆಮ್ಲದ ಆ ಅರ್ಧ ನಿಮಿಷ ಸಹಜ ದಂತಕವಚಕ್ಕೆ ಹೊಂದಿದ್ದು. ಫ್ಲೋರೋಸಿಸ್‌ನ ಗಡುಸು ಹೊರಪದರ ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ. ಅದನ್ನು ತುಸು ಉಜ್ಜಿ ತೆಗೆಯಬೇಕು, ಇಲ್ಲವೆ ಆಮ್ಲವನ್ನು ಹೆಚ್ಚು ಹೊತ್ತು ಇಡಬೇಕು. ಅಂಟು ನಿಜಕ್ಕೂ ಎಷ್ಟು ಕುಗ್ಗುತ್ತದೆ ಎಂಬುದರಲ್ಲಿ ಪ್ರಯೋಗಗಳು ಒಮ್ಮತಕ್ಕೆ ಬಂದಿಲ್ಲ, ಸೌಮ್ಯ ಹಂತದಲ್ಲಿ ವ್ಯತ್ಯಾಸ ಕಾಣದವರೂ ಇದ್ದಾರೆ.

ಚರಿತ್ರೆಕಾರರು ಕಡೆಗಣಿಸಿದ ಇನ್ನೊಂದು ಕವಲು ಸಿಲಿಕೇಟ್ ಸಿಮೆಂಟಿನದು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮುಂದಿನ ಹಲ್ಲಿಗೆ ತುಂಬುತ್ತಿದ್ದ ಆ ಸಿಮೆಂಟು ಎಂಜಲಿಗೆ ಕರಗುತ್ತಿತ್ತು, ಆದರೂ ಅದರ ಅಂಚಿನಲ್ಲಿ ಮತ್ತೆ ಹುಳುಕು ಹತ್ತುವುದು ಕಡಿಮೆ. ಅದರ ಗಾಜಿನಲ್ಲಿದ್ದ ಫ್ಲೋರೈಡ್ ಸುತ್ತಲ ಹಲ್ಲಿಗೆ ಒಸರುತ್ತಿತ್ತು. ವಿಲ್ಸನ್ ಮತ್ತು ಕೆಂಟ್ 1972ರಲ್ಲಿ ಆ ಸಿಮೆಂಟಿನ ಫಾಸ್ಫಾರಿಕ್ ಆಮ್ಲದ ಜಾಗಕ್ಕೆ ಪಾಲಿಅಕ್ರಿಲಿಕ್ ಆಮ್ಲ ತಂದು ಗ್ಲಾಸ್ ಅಯಾನೊಮರ್ ಪರಿಚಯಿಸಿದರು. ಅದು ಹಲ್ಲಿನ ಕ್ಯಾಲ್ಸಿಯಂಗೇ ಅಂಟುತ್ತದೆ. 1980ರ ದಶಕದ ನಡುವೆ ಟಾಂಜಾನಿಯಾದಲ್ಲಿ ಡ್ರಿಲ್ಲಾಗಲಿ ಕರೆಂಟಾಗಲಿ ಇಲ್ಲದೆ, ಕೈ ಉಪಕರಣದಿಂದಲೇ ಹುಳುಕು ಕೆರೆದು ತುಂಬುವ ವಿಧಾನ ಮೊದಲಾಗಿ, ಮುಂದೆ ಇದನ್ನೇ ನೆಚ್ಚಿ ಬೆಳೆಯಿತು. ಫ್ಲೋರೈಡ್ ಹೆಚ್ಚಾದವರ ಬಾಯಿಗೆ ಫ್ಲೋರೈಡ್ ಒಸರುವ ಸಿಮೆಂಟೇಕೆ ಎಂದು ಕೇಳುವವರಿದ್ದಾರೆ. ಒಸರುವುದು ಅತ್ಯಲ್ಪ, ಅದರ ಕೆಲಸ ಗುಂಡಿಯ ಅಂಚಿನಲ್ಲಿ. ದಿನಕ್ಕೆ ಲೀಟರುಗಟ್ಟಲೆ ಕುಡಿದ ನೀರಿನೊಂದಿಗೆ ಅದನ್ನು ತೂಗುವುದು ಹಾಸ್ಯಾಸ್ಪದ. ನಿಜವಾದ ಕೊರತೆ ಬೇರೆ: ಕಡಕ್ ರೊಟ್ಟಿ ಮುರಿಯುವ ದವಡೆಹಲ್ಲಿನಲ್ಲಿ, ಅದರಲ್ಲೂ ಗುಂಡಿ ಎರಡು ಬದಿ ದಾಟಿದ್ದರೆ, ಗ್ಲಾಸ್ ಅಯಾನೊಮರ್ ಸವೆಯುತ್ತದೆ, ಒಡೆಯುತ್ತದೆ. ಅಲ್ಲಿ ಕಾಂಪೋಸಿಟ್ಟೇ ಬೇಕು.

ಭಾರತ 2018ರಲ್ಲಿ ಪಾದರಸದ ಮಿನಮಾಟ ಒಪ್ಪಂದವನ್ನು ಅನುಮೋದಿಸಿದೆ; ಬೆಳ್ಳಿ ಫಿಲ್ಲಿಂಗ್ ಹಿಂದೆ ಸರಿಯುವುದು ಖಚಿತ. ನಮ್ಮ ರಾಜ್ಯದ ‘ದಂತ ಭಾಗ್ಯ’ ಯೋಜನೆ ಹಣ ತೆಗೆದಿಟ್ಟದ್ದು ಹಲ್ಲು ಉದುರಿದ ಬಡ ಹಿರಿಯರ ಹಲ್ಲುಸೆಟ್ಟಿಗೆ. ಉಳಿದ ಹಲ್ಲು ತುಂಬಿಸುವ ಖರ್ಚು ಅದರ ಲೆಕ್ಕದಲ್ಲಿ ಬರಲಿಲ್ಲ. ನಲ್ಲಿಯಲ್ಲಿ ಕೃಷ್ಣೆ ಬಂದ ಮಾತ್ರಕ್ಕೆ ಹಲ್ಲು ಹೊಸದಾಗುವುದೂ ಇಲ್ಲ: ಮುಂದಿನ ಹಲ್ಲುಗಳ ಕವಚ ಕಟ್ಟಿ ಮುಗಿಯುವುದು ಐದಾರು ವರ್ಷದೊಳಗೆ. ಈಗ ನಲವತ್ತರ ಆಸುಪಾಸಿನವರು ಬಸವನ ಬಾಗೇವಾಡಿಯ ದವಾಖಾನೆಗೆ ತರುವುದು ಆ ಎಳವೆಯಲ್ಲಿ ಕುಡಿದ ನೀರಿನ ಹಲ್ಲನ್ನೇ. ಅವರ ಕಾಂಪೋಸಿಟ್ ಬೇಗ ಕಳಚಿ ಬಿದ್ದರೆ ವಸ್ತುವನ್ನೋ ವೈದ್ಯರನ್ನೋ ದೂರುವ ಮೊದಲು, ಆ ವಯಸ್ಸಿನಲ್ಲಿ ಯಾವ ಊರಿನಲ್ಲಿದ್ದರು, ಯಾವ ಬಾವಿಯ ನೀರು ಕುಡಿದರು ಎಂಬುದು ಕೇಸ್ ಪೇಪರಿನಲ್ಲಿ ಬರೆದಿರಬೇಕು.