ಫ್ರೆಂಚ್ ಕಾದಂಬರಿಯಲ್ಲಿ ಹೆಣ್ಣಿನ 'ನಾನು'

1900ರಲ್ಲಿ ಪ್ಯಾರಿಸ್ಸಿನಲ್ಲಿ 'ಶಾಲೆಯಲ್ಲಿ ಕ್ಲೋದೀನ್' ಎಂಬ ಕಾದಂಬರಿ ಪ್ರಕಟವಾಯಿತು. ಹಳ್ಳಿಯ ಹುಡುಗಿಯೊಬ್ಬಳು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಪುಸ್ತಕ ಅದು. ಆದರೆ ಅದರ ಮೇಲಿದ್ದದ್ದು 'ವಿಲ್ಲಿ' ಎಂಬ ಗಂಡಸಿನ ಹೆಸರು. ಬರೆದವಳು ಆತನ ಹೆಂಡತಿ ಕೊಲೆತ್. ಕಥೆಯೊಳಗೆ 'ನಾನು' ಎನ್ನುವವಳು ಹೆಣ್ಣು. ಕಥೆಗೆ ಒಡೆಯ ಗಂಡ. ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕೆಂದು 1804ರ ನಾಗರಿಕ ಸಂಹಿತೆಯೇ ವಿಧಿಸಿದ್ದ ಆ ದೇಶದಲ್ಲಿ ಇದು ಯಾರಿಗೂ ಅಷ್ಟಾಗಿ ವಿಚಿತ್ರವೆನಿಸಿರಲಾರದು.

ಕೊಲೆತ್ ಗಂಡನನ್ನು ಬಿಟ್ಟು ನಾಟ್ಯರಂಗದಲ್ಲಿ ದುಡಿದು ಬಾಳಿದಳು. ಆಕೆಯ 'ಅಲೆಮಾರಿ' (1910) ಕಾದಂಬರಿಯ ನಾಯಕಿಯೂ ವಿಚ್ಛೇದಿತೆ, ರಂಗನಟಿ. ಪ್ರೀತಿಸುವ ಶ್ರೀಮಂತನೊಬ್ಬ ಎದುರಿಗೆ ಬಂದರೂ ಅವಳು ತನ್ನ ಸ್ವಾತಂತ್ರ್ಯವನ್ನೇ ಆರಿಸಿಕೊಳ್ಳುತ್ತಾಳೆ. 'ಕೊಲೆತ್' ಎಂಬುದಾದರೂ ಅವಳ ತಂದೆಯ ಮನೆತನದ ಹೆಸರು. ಆದರೆ ಅದನ್ನು ತನ್ನದೇ ಮಾಡಿಕೊಂಡಳು. 1954ರಲ್ಲಿ ಅವಳು ತೀರಿಕೊಂಡಾಗ ಸರ್ಕಾರವೇ ಅಂತ್ಯಸಂಸ್ಕಾರದ ಗೌರವ ಸಲ್ಲಿಸಿತು.

ಕಾನೂನು ಮಾತ್ರ ಸಾಹಿತ್ಯದ ಹಿಂದೆ ನಿಧಾನವಾಗಿ ನಡೆಯಿತು. ಮತದಾನದ ಹಕ್ಕು 1944ರಲ್ಲಿ ಬಂದಿತು. ಗಂಡನ ಒಪ್ಪಿಗೆಯಿಲ್ಲದೆ ಉದ್ಯೋಗ ಹಿಡಿಯುವ, ಬ್ಯಾಂಕಿನಲ್ಲಿ ಖಾತೆ ತೆರೆಯುವ ಹಕ್ಕು ಬಂದದ್ದು 1965ರಲ್ಲಿ. ನಡುವೆ, 1949ರಲ್ಲಿ, ಸಿಮೋನ್ ದ ಬೊವಾರ್ 'ದ್ವಿತೀಯ ಲಿಂಗ'ವನ್ನು ಬರೆದು, ಹೆಣ್ತನವೆಂಬುದು ಹುಟ್ಟಿನಿಂದ ಬಂದದ್ದಲ್ಲ, ಸಮಾಜ ರೂಪಿಸಿದ್ದು ಎಂದು ವಾದಿಸಿದಳು.

ಹಾಗಾದರೆ ಈ 'ನಾನು' ಯಾರು? ಮುಂದಿನ ಲೇಖಕಿಯರನ್ನು ಕಾಡಿದ ಪ್ರಶ್ನೆ ಇದೇ. ಮಾರ್ಗರಿತ್ ದ್ಯುರಾಸ್ ತನ್ನ 'ಪ್ರಿಯಕರ' (1984) ಕಾದಂಬರಿಯಲ್ಲಿ ಒಬ್ಬಳೇ ಹುಡುಗಿಯನ್ನು ಒಮ್ಮೆ 'ನಾನು' ಎಂದೂ ಒಮ್ಮೆ 'ಅವಳು' ಎಂದೂ ಕರೆಯುತ್ತಾಳೆ. ಆನಿ ಎರ್ನೋ ಇನ್ನೂ ಮುಂದೆ ಹೋದಳು. ನಾರ್ಮಂಡಿಯ ಸಣ್ಣ ಊರಿನಲ್ಲಿ ಕಾಫಿ ಅಂಗಡಿಯನ್ನೂ ದಿನಸಿ ಅಂಗಡಿಯನ್ನೂ ನಡೆಸುತ್ತಿದ್ದವರ ಮಗಳು ಈಕೆ. 1964ರಲ್ಲಿ ವಿದ್ಯಾರ್ಥಿನಿಯಾಗಿದ್ದಾಗ, ಗರ್ಭಪಾತ ಅಪರಾಧವಾಗಿದ್ದ ಕಾಲದಲ್ಲಿ, ಕದ್ದುಮುಚ್ಚಿ ಅದನ್ನು ಮಾಡಿಸಿಕೊಂಡ ಅನುಭವವನ್ನು 2000ದಲ್ಲಿ 'ನಾನು' ಎಂದೇ ನಿರ್ಭೀತಿಯಿಂದ ಬರೆದಳು. ಆದರೆ 'ವರ್ಷಗಳು' (2008) ಎಂಬ ಕೃತಿಯಲ್ಲಿ ತನ್ನದೇ ಬಾಳನ್ನು ಹೇಳುತ್ತ ಆ 'ನಾನು'ವನ್ನು ಕೈಬಿಟ್ಟಳು. ಹಳೆಯ ಛಾಯಾಚಿತ್ರಗಳ ಹುಡುಗಿ 'ಅವಳು'. ಕಾಲದ ಮಾತು 'ನಾವು'. 2022ರಲ್ಲಿ ನೊಬೆಲ್ ಸಾಹಿತ್ಯ ಪ್ರಶಸ್ತಿ ಪಡೆದ ಮೊದಲ ಫ್ರೆಂಚ್ ಮಹಿಳೆ ಈಕೆಯೇ.

ಕೊಲೆತ್ ಹೋರಾಡಿ ಗಳಿಸಿದ್ದನ್ನು ಎರ್ನೋ ಏಕೆ ಬಿಟ್ಟಳು? ತಾಯಿಯ ಮಾತು, ಶಾಲೆಯ ಪಾಠ, ಅಂಗಡಿಯ ಲೆಕ್ಕ, ದೇಶದ ಕಾನೂನು, ಇವೆಲ್ಲ ಸೇರಿಯೇ ಒಬ್ಬ ಹೆಣ್ಣಿನ 'ನಾನು' ಆಗಿದೆಯೆಂದು ಆಕೆ ಕಂಡುಕೊಂಡಳು. ಒಂದು ವ್ಯತ್ಯಾಸವನ್ನು ಮಾತ್ರ ನಾವು ಮರೆಯಬಾರದು: ಕೊಲೆತ್‌ಳ ಹೆಸರನ್ನು ಇನ್ನೊಬ್ಬರು ತೆಗೆದುಕೊಂಡಿದ್ದರು, ಎರ್ನೋ ತನ್ನದನ್ನು ತಾನಾಗಿ ಹಂಚಿಕೊಟ್ಟಳು.