ಬಯಲುಸೀಮೆಯ ಕುರುಚಲು ಕಾಡುಗಳಲ್ಲಿ ಶಿಬಿರ: ವನ್ಯಜೀವಿ ಹಾಗೂ ವಿಷಜಂತುಗಳಿಂದ ಸುರಕ್ಷತೆ

1. ಪೀಠಿಕೆ

ಬಳ್ಳಾರಿ, ವಿಜಯನಗರ, ಕೊಪ್ಪಳ, ಚಿತ್ರದುರ್ಗ ಮುಂತಾದ ಜಿಲ್ಲೆಗಳ ಬಂಡೆಗುಡ್ಡಗಳು ಹಾಗೂ ಕುರುಚಲು ಕಾಡುಗಳು ಮರುಭೂಮಿಯಲ್ಲದಿದ್ದರೂ ಒಣಹವೆ, ಬಿಸಿಲು ಮತ್ತು ವಿರಳ ನೀರಿನ ನೆಲೆಗಳಾಗಿವೆ. ಇಲ್ಲಿ ಶಿಬಿರ ಹೂಡಲು ಬಯಸುವವರು ಸಾಮಾನ್ಯವಾಗಿ ಚಿರತೆ, ಕರಡಿಗಳ ಬಗ್ಗೆ ಆತಂಕ ವ್ಯಕ್ತಪಡಿಸುತ್ತಾರೆ. ಆದರೆ ರಾತ್ರಿಯ ವೇಳೆ ನೆಲಮಟ್ಟದಲ್ಲಿ ಸಂಚರಿಸುವ ಹಾವು ಮತ್ತು ಚೇಳುಗಳ ಬಗ್ಗೆ ಅಷ್ಟೇ ಎಚ್ಚರಿಕೆ ಅಗತ್ಯ. ಪ್ರತಿವಿಷ ಚುಚ್ಚುಮದ್ದು ಲಭ್ಯವಿರುವ ಆಸ್ಪತ್ರೆ ಎಲ್ಲಿದೆ ಎಂಬುದನ್ನು ಹೊರಡುವ ಮೊದಲೇ ತಿಳಿದಿರುವುದು ಅತಿ ಮುಖ್ಯವಾದ ಸಿದ್ಧತೆಯಾಗಿದೆ.

2. ಅನುಮತಿ

ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ರ ಕಲಂ 27 ಮತ್ತು 28ರ ಪ್ರಕಾರ ಅಭಯಾರಣ್ಯವನ್ನು ಅನುಮತಿ ಇಲ್ಲದೆ ಪ್ರವೇಶಿಸುವಂತಿಲ್ಲ. ಕಲಂ 30ರನ್ವಯ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು ಅಥವಾ ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದು ನಿಷಿದ್ಧ. ಅರ್ಜಿದಾರರು ತಂಗುವ ಸ್ಥಳ, ದಿನಾಂಕ ಮತ್ತು ಸದಸ್ಯರ ಸಂಖ್ಯೆಯನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಅವಘಡ ಸಂಭವಿಸಿದಲ್ಲಿ ಶೋಧಕಾರ್ಯಕ್ಕೆ ಈ ವಿವರಗಳೇ ಆಧಾರವಾಗುತ್ತವೆ.

3. ಹಾವುಗಳು

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಇವು ಪ್ರಮುಖ ವಿಷಸರ್ಪಗಳು. ಗರಗಸಮಂಡಲವು ಗಾತ್ರದಲ್ಲಿ ಚಿಕ್ಕದು. ಒಣನೆಲದ ಕಲ್ಲುಗಳ ಅಡಿಯಲ್ಲಿ ಅಡಗಿರುವುದರಿಂದ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕಟ್ಟುಹಾವು ರಾತ್ರಿಯಲ್ಲಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ಅದರ ಕಡಿತದಲ್ಲಿ ನೋವಾಗಲಿ ಊತವಾಗಲಿ ಅಷ್ಟಾಗಿ ಕಾಣದು. ಬೆಳಗಿನ ಜಾವ ಕಾರಣವಿಲ್ಲದೆ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು ಅಥವಾ ನುಂಗಲು ಕಷ್ಟವಾಗುವುದು ಕಂಡುಬಂದಲ್ಲಿ ಹಾವಿನ ಕಡಿತವೆಂದೇ ಶಂಕಿಸಿ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಮುನ್ನೆಚ್ಚರಿಕೆಗಳು:

ಅ) ಬಂಡೆಗಳ ಸಂದು, ಹುತ್ತ, ಕಲ್ಲಿನ ರಾಶಿ ಮತ್ತು ಪೊದೆಗಳಿಂದ ದೂರವಿರುವ ಬಯಲಿನಲ್ಲಿ ಡೇರೆ ಹಾಕಬೇಕು.
ಆ) ಡೇರೆಯ ಜಿಪ್ಪನ್ನು ಸದಾ ಮುಚ್ಚಿರಬೇಕು. ಹೊರಗೆ ಮಲಗುವವರು ಮಂಚ ಬಳಸಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಬೇಕು.
ಇ) ಕತ್ತಲಲ್ಲಿ ಟಾರ್ಚ್ ಇಲ್ಲದೆ ಹಾಗೂ ಬರಿಗಾಲಿನಲ್ಲಿ ಓಡಾಡಬಾರದು.
ಈ) ಉಳಿದ ಆಹಾರವನ್ನು ಡೇರೆಯ ಬಳಿ ಚೆಲ್ಲಬಾರದು. ಆಹಾರಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ.

4. ಚೇಳುಗಳು

ಗಾತ್ರದಲ್ಲಿ ದೊಡ್ಡದಾದ ಕರಿಚೇಳಿಗಿಂತ ಚಿಕ್ಕದಾದ ಕೆಂಪು ಚೇಳು ಹೆಚ್ಚು ಅಪಾಯಕಾರಿ. ಇದರ ವಿಷವು ಹೃದಯದ ಮೇಲೆ ಪರಿಣಾಮ ಬೀರುತ್ತದೆ. ಮಕ್ಕಳಿಗೆ ಅಪಾಯ ಹೆಚ್ಚು. ವಾಂತಿ, ವಿಪರೀತ ಬೆವರು, ಕೈಕಾಲು ತಣ್ಣಗಾಗುವುದು ಇದರ ಲಕ್ಷಣಗಳು. ಪ್ರಜೋಸಿನ್ ಎಂಬ ಮಾತ್ರೆಯನ್ನು ವೈದ್ಯರು ಬೇಗನೆ ನೀಡಿದಲ್ಲಿ ಜೀವ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಬೂಟು, ಬಟ್ಟೆ ಮತ್ತು ಹೊದಿಕೆಗಳನ್ನು ಕೊಡವಿದ ನಂತರವೇ ಬಳಸಬೇಕು. ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ಚೇಳು ಹಸಿರಾಗಿ ಹೊಳೆಯುವುದರಿಂದ ಮಲಗುವ ಸ್ಥಳವನ್ನು ಈ ಕ್ರಮದಿಂದ ಪರಿಶೀಲಿಸಬಹುದು.

5. ಹೆಜ್ಜೇನು ಮತ್ತು ಚಿಗಟದಂತಹ ಕೀಟಗಳು

ಹೆಜ್ಜೇನು ಕಟ್ಟಿರುವ ಬಂಡೆಯ ಕೆಳಗೆ ಹೊಗೆ ಹಾಕುವುದು, ಕಲ್ಲೆಸೆಯುವುದು, ಗಟ್ಟಿ ಸುಗಂಧ ಬಳಸುವುದು ಕೂಡದು. ದಾಳಿಯಾದಲ್ಲಿ ಮುಖ ಮುಚ್ಚಿಕೊಂಡು ವಾಹನ ಅಥವಾ ಕೊಠಡಿಯೊಳಗೆ ಸೇರಬೇಕು. ಪೊದೆಗಳಲ್ಲಿರುವ ಅತಿಸೂಕ್ಷ್ಮ ನುಸಿಮರಿಗಳ ಕಡಿತದಿಂದ ಸ್ಕ್ರಬ್ ಟೈಫಸ್ ಜ್ವರ ಬರಬಹುದು. ಹಿಂದಿರುಗಿದ ಮೂರು ವಾರಗಳೊಳಗೆ ಜ್ವರ ಬಂದಲ್ಲಿ ಶಿಬಿರಕ್ಕೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

6. ಕರಡಿ ಮತ್ತು ಚಿರತೆ

ಹಂಪಿಯ ಸಮೀಪದ ದರೋಜಿ ಕರಡಿಧಾಮವು 1994ರಲ್ಲಿ ಘೋಷಿತವಾಯಿತು. ಆ ಭಾಗದ ಬಂಡೆಗುಡ್ಡಗಳಲ್ಲಿ ಕರಡಿಗಳು ಹಗಲು ಗುಹೆಗಳಲ್ಲಿ ವಿಶ್ರಮಿಸಿ, ಸಂಜೆಯ ನಂತರ ಗೆದ್ದಲು, ಜೇನು ಮತ್ತು ಹಣ್ಣುಗಳನ್ನು ಅರಸಿ ಹೊರಡುತ್ತವೆ. ಹಠಾತ್ತನೆ ಎದುರಾದಾಗ ಕರಡಿ ಆಕ್ರಮಣ ಮಾಡುವುದುಂಟು. ಆದುದರಿಂದ ಗುಹೆಗಳಲ್ಲಿ ಇಣುಕಬಾರದು. ಗುಂಪಾಗಿ, ಮಾತನಾಡುತ್ತಾ ನಡೆಯಬೇಕು. ಎದುರಾದಲ್ಲಿ ಓಡದೆ, ಮೆಲ್ಲನೆ ಹಿಂದೆ ಸರಿಯಬೇಕು. ಮುಸ್ಸಂಜೆಯ ನಂತರ ಮಕ್ಕಳನ್ನು ಒಂಟಿಯಾಗಿ ಬಿಡಬಾರದು.

7. ಹಾವು ಕಚ್ಚಿದಾಗ ಅನುಸರಿಸಬೇಕಾದ ಕ್ರಮ

ಅ) ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ನಡೆಸದೆ, ಕಡಿತವಾದ ಅಂಗವನ್ನು ಅಲುಗಾಡದಂತೆ ಕೋಲಿನ ಆಸರೆ ನೀಡಿ ಸಾಗಿಸಬೇಕು.
ಆ) ಉಂಗುರ, ಬಳೆ, ಗಡಿಯಾರ, ಕಾಲ್ಗೆಜ್ಜೆಗಳನ್ನು ತೆಗೆಯಬೇಕು.
ಇ) ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಔಷಧ ಅಥವಾ ಮಂತ್ರಕ್ಕಾಗಿ ಕಾಯುವುದು ಸಲ್ಲದು.
ಈ) ಹಾವನ್ನು ಹಿಡಿದು ತರುವ ಅಗತ್ಯವಿಲ್ಲ. ಮೇಲ್ಕಂಡ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಪ್ರತಿವಿಷ ಚುಚ್ಚುಮದ್ದನ್ನು ನೀಡಲಾಗುತ್ತದೆ.
ಉ) ಲಕ್ಷಣಗಳು ಕಾಣದಿದ್ದರೂ 24 ಗಂಟೆಗಳ ಕಾಲ ಆಸ್ಪತ್ರೆಯ ನಿಗಾದಲ್ಲಿರುವುದು ಅವಶ್ಯ.

ಕರ್ನಾಟಕದಲ್ಲಿ ಹಾವು ಕಡಿತವನ್ನು 2024ರ ಫೆಬ್ರವರಿಯಲ್ಲಿ ಅಧಿಸೂಚಿತ ಕಾಯಿಲೆಯೆಂದು ಘೋಷಿಸಲಾಗಿದೆ. ಅದರಂತೆ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳು ಇಂತಹ ಪ್ರಕರಣಗಳನ್ನು ವರದಿ ಮಾಡುವುದು ಕಡ್ಡಾಯ.

8. ತುರ್ತು ದೂರವಾಣಿ

ಆಂಬುಲೆನ್ಸ್: 108. ತುರ್ತು ನೆರವು: 112. ಅರಣ್ಯ ಸಹಾಯವಾಣಿ: 1926.

ಗುಡ್ಡಗಾಡಿನಲ್ಲಿ ಮೊಬೈಲ್ ಸಂಪರ್ಕ ಸಿಗದಿರಬಹುದು. ಆದುದರಿಂದ ಸಮೀಪದ ತಾಲ್ಲೂಕು ಆಸ್ಪತ್ರೆಯ ಹೆಸರು, ದೂರ ಹಾಗೂ ಅಲ್ಲಿ ಪ್ರತಿವಿಷ ಲಭ್ಯವಿದೆಯೇ ಎಂಬುದನ್ನು ಮುಂಚಿತವಾಗಿ ವಿಚಾರಿಸಿ, ಕಾಗದದಲ್ಲಿ ಬರೆದು, ಶಿಬಿರದ ಪ್ರತಿಯೊಬ್ಬ ಸದಸ್ಯರೂ ಇಟ್ಟುಕೊಳ್ಳತಕ್ಕದ್ದು. ಒಂದು ವಾಹನವನ್ನು ರಾತ್ರಿಯಿಡೀ ಹೊರಡಲು ಸಿದ್ಧವಾಗಿಟ್ಟಿರುವುದು ಸೂಕ್ತ.