ಧೂಳಿನ ಚೀಲ ಯಾರ ಕೈಯಲ್ಲಿ?

ವ್ಯಾಕ್ಯೂಮ್ ಕ್ಲೀನರಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮೋಟಾರಿನಿಂದ ಶುರು ಮಾಡುತ್ತಾರೆ. ನಾನು ಚೀಲದಿಂದ ಶುರು ಮಾಡುತ್ತೇನೆ. ಈ ಯಂತ್ರ ಧೂಳನ್ನು ಇಲ್ಲವಾಗಿಸುವುದಿಲ್ಲ; ನೆಲದ ಮೇಲಿದ್ದದ್ದನ್ನು ಒಂದು ಚೀಲಕ್ಕೋ ಡಬ್ಬಿಗೋ ತುಂಬಿಡುತ್ತದೆ, ಅಷ್ಟೆ. ಅದನ್ನು ಹೊರಗೆ ಚೆಲ್ಲಲು ಕೊನೆಗೂ ಒಬ್ಬರ ಕೈ ಬೇಕು. ಆ ಕೈ ಯಾರದು ಎಂಬ ಪ್ರಶ್ನೆಗೆ ನೂರಿಪ್ಪತ್ತು ವರ್ಷಗಳಲ್ಲಿ ಬೇರೆ ಬೇರೆ ಉತ್ತರಗಳು ಬಂದಿವೆ.

ಮೊದಲ ಉತ್ತರ ಲಂಡನ್ನಿನದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ಇದ್ದ. ಧೂಳನ್ನು ಗಾಳಿಯಿಂದ ಊದಿ ಹಾರಿಸುವ ಅಮೆರಿಕದ ಯಂತ್ರವೊಂದರ ಪ್ರದರ್ಶನ ನೋಡಿದ ಅವನಿಗೆ, ಊದುವ ಬದಲು ಹೀರಿದರೆ ಹೇಗೆ ಅನ್ನಿಸಿತು. ಹೋಟೆಲೊಂದರ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಬಾಯಿಟ್ಟು ಗಾಳಿ ಎಳೆದು ನೋಡಿದನಂತೆ. ಕರವಸ್ತ್ರದ ಅಡಿಭಾಗ ಕಪ್ಪಾಯಿತು. 1901ರಲ್ಲಿ ಪೇಟೆಂಟ್ ಪಡೆದು ಅವನು ಕಟ್ಟಿದ ಯಂತ್ರ ಮನೆಯೊಳಗೆ ಹಿಡಿಸುವಂಥದ್ದಲ್ಲ. ಪೆಟ್ರೋಲ್ ಎಂಜಿನ್ ಹೊತ್ತ ಕುದುರೆಗಾಡಿ ಬೀದಿಯಲ್ಲಿ ನಿಲ್ಲುತ್ತಿತ್ತು. ಕಿಟಕಿಯ ಮೂಲಕ ಉದ್ದನೆಯ ಕೊಳವೆಗಳನ್ನು ಒಳಗೆ ಬಿಡುತ್ತಿದ್ದರು. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಜಮಖಾನಗಳನ್ನು ಶುಚಿ ಮಾಡಿದ್ದು ಈ ಯಂತ್ರವೇ. ಕೊಳವೆಯ ಒಂದು ಭಾಗವನ್ನು ಪಾರದರ್ಶಕವಾಗಿ ಮಾಡಿ, ಹರಿದು ಹೋಗುವ ಧೂಳು ಜನರಿಗೆ ಕಾಣುವಂತೆ ಬೂತ್ ಏರ್ಪಾಡು ಮಾಡಿದ್ದ. ಶ್ರೀಮಂತರ ಮನೆಗಳಲ್ಲಿ ಅತಿಥಿಗಳನ್ನು ಕರೆದು ಚಹಾ ಕುಡಿಯುತ್ತ ಈ ತಮಾಷೆ ನೋಡುತ್ತಿದ್ದರು. ಧೂಳು ಮಾತ್ರ ಗಾಡಿಯ ಜೊತೆಗೇ ಹೋಗಿಬಿಡುತ್ತಿತ್ತು. ಅದನ್ನು ಚೆಲ್ಲುವ ಕೈ ಕೂಲಿಯಾಳಿನದು.

ಎರಡನೆಯ ಉತ್ತರ ಹುಟ್ಟಿದ್ದು ನಾನು ಹದಿನೆಂಟು ವರ್ಷಗಳಿಂದ ಬಾಳುತ್ತಿರುವ ಓಹಾಯೋ ರಾಜ್ಯದಲ್ಲಿ. ಇಲ್ಲಿನ ಕ್ಯಾಂಟನ್ ಊರಿನ ಡಿಪಾರ್ಟ್‌ಮೆಂಟ್ ಸ್ಟೋರ್ ಒಂದರಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬಾತ ಕಸಗುಡಿಸುವ ಕೆಲಸಕ್ಕಿದ್ದ. ಅರವತ್ತರ ಹೊಸ್ತಿಲಲ್ಲಿದ್ದ ಮನುಷ್ಯ, ಮೇಲಾಗಿ ಉಬ್ಬಸದ ರೋಗಿ. ಕಾರ್ಪೆಟ್ ಗುಡಿಸಿದಾಗಲೆಲ್ಲ ಏಳುತ್ತಿದ್ದ ಧೂಳು ಅವನ ಉಸಿರು ಕಟ್ಟಿಸುತ್ತಿತ್ತು. ಒಂದು ಫ್ಯಾನಿನ ಮೋಟಾರು, ಸೋಪಿನ ಪೆಟ್ಟಿಗೆ, ಪೊರಕೆಯ ಹಿಡಿ, ಧೂಳು ಹಿಡಿಯಲು ದಿಂಬಿನ ಗವಸು, ಇಷ್ಟನ್ನು ಜೋಡಿಸಿ ಅವನೊಂದು ಯಂತ್ರ ಮಾಡಿಕೊಂಡ. 1908ರ ಜೂನ್ 2ರಂದು ಪೇಟೆಂಟ್ ಸಿಕ್ಕಿತು. ಯಂತ್ರಗಳನ್ನು ಮಾಡಿ ಮಾರುವಷ್ಟು ಹಣ ಅವನಲ್ಲಿರಲಿಲ್ಲ.

ಕೊಂಡುಕೊಂಡವನು ಪಕ್ಕದ ನ್ಯೂ ಬರ್ಲಿನ್ ಊರಿನ ವಿಲಿಯಂ ಹೆನ್ರಿ ಹೂವರ್. ಅವನದು ಕುದುರೆಗಳ ಜೀನು, ಪಟ್ಟಿಗಳನ್ನು ಮಾಡುವ ಚರ್ಮದ ವ್ಯಾಪಾರ. ಮೋಟಾರುಗಾಡಿ ಬಂದಮೇಲೆ ಕುದುರೆಯ ಕಾಲ ಮುಗಿಯುತ್ತಿದೆ ಎಂದು ಅವನಿಗೆ ತಿಳಿದಿತ್ತು. ಅವನ ಹೆಂಡತಿ ಸೂಸನ್ ಆಗಲೇ ಸ್ಪ್ಯಾಂಗ್ಲರನ ಯಂತ್ರವನ್ನು ಬಳಸಿ ಮೆಚ್ಚಿದ್ದಳು. ಹೂವರ್ ಅದೇ ವರ್ಷದ ಡಿಸೆಂಬರಿನಲ್ಲಿ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಟ್ಟ: ಹತ್ತು ದಿನ ಮನೆಯಲ್ಲಿಟ್ಟು ಬಳಸಿ ನೋಡಿ, ದುಡ್ಡು ಬೇಡ. ಮುಂದೆ ಬ್ರಿಟನ್ನಿನಲ್ಲಿ ಅವನ ಹೆಸರೇ ಕ್ರಿಯಾಪದವಾಯಿತು. ಸ್ಪ್ಯಾಂಗ್ಲರ್ 1915ರಲ್ಲಿ ತೀರಿಕೊಂಡ. ಧೂಳು ಕುಡಿದು ಕೆಮ್ಮುತ್ತಿದ್ದವನೇ ಈ ಯಂತ್ರವನ್ನು ಕಟ್ಟಿದ ಎಂಬುದನ್ನು ನಾನು ಮರೆಯಲಾರೆ. ಗುಡಿಸುವವರ ಕಷ್ಟಕ್ಕೆ ಗುಡಿಸುವವನೇ ಪರಿಹಾರ ಹುಡುಕಿದ ಉದಾಹರಣೆಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ.

ಆದರೆ ಯಂತ್ರ ಮನೆಯೊಳಗೆ ಬಂದದ್ದರಿಂದ ಚೀಲವೂ ಮನೆಯದೇ ಆಯಿತು. ಆಗಿನದು ಬಟ್ಟೆಯ ಚೀಲ. ಅದನ್ನು ಬಿಚ್ಚಿ, ಹಳೆಯ ಪತ್ರಿಕೆಯ ಮೇಲೆ ಕೊಡವಿ, ಮತ್ತೆ ಕಟ್ಟಬೇಕು. ಸ್ಪ್ಯಾಂಗ್ಲರನನ್ನು ಕಾಡಿದ ಧೂಳಿನ ಮೋಡ ಈಗ ಗೃಹಿಣಿಯ ಮುಖಕ್ಕೆ. 1920ರಲ್ಲಿ ಓಹಾಯೋದ್ದೇ ಇನ್ನೊಂದು ಕಂಪನಿ, ಏರ್‌ವೇ, ತುಂಬಿದ ಮೇಲೆ ಎಸೆದುಬಿಡುವ ಕಾಗದದ ಚೀಲ ತಂದಿತು. ಮರುವರ್ಷ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ನೆಲದ ಮೇಲೆ ಜಾರಿಸಿಕೊಂಡು ಹೋಗುವ, ಮಲಗಿದ ಉರುಳೆಯಂಥ ಮಾದರಿಯನ್ನು ಮಾರುಕಟ್ಟೆಗೆ ಬಿಟ್ಟಿತು.

ಕೆಲಸ ಕಡಿಮೆಯಾಯಿತೇ? ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಬರೆದ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಪುಸ್ತಕ ಇದನ್ನೇ ಕೇಳುತ್ತದೆ. ಹಿಂದೆ ವರ್ಷಕ್ಕೆ ಒಂದೆರಡು ಸಲ ಗಂಡಸರು, ಹುಡುಗರು ಜಮಖಾನವನ್ನು ಹೊರಗೆ ಎಳೆದು ತಂದು ಬಡಿಯುತ್ತಿದ್ದರು. ಯಂತ್ರ ಬಂದಮೇಲೆ ವಾರವಾರವೂ ಹೆಂಗಸೊಬ್ಬಳೇ ಮಾಡುವ ಕೆಲಸವಾಯಿತು. ಬೆವರು ಇಳಿಯಿತು, ಗಂಟೆಗಳು ಇಳಿಯಲಿಲ್ಲ. ಶುಚಿಯ ಮಟ್ಟವೇ ಏರಿಬಿಟ್ಟಿತು. ಎರಡನೇ ಮಹಾಯುದ್ಧದ ನಂತರ ಜಾರ್ಜಿಯಾ ರಾಜ್ಯದ ಡಾಲ್ಟನ್ ಊರಿನ ಗಿರಣಿಗಳಿಂದ ಅಗ್ಗದ ಕಾರ್ಪೆಟ್ ಬಂದು ಗೋಡೆಯಿಂದ ಗೋಡೆಗೆ ಹರಡಿದಾಗ, ಯಂತ್ರವಿಲ್ಲದೆ ಸಂಸಾರವೇ ಇಲ್ಲ ಎನ್ನುವಂತಾಯಿತು.

ಯಂತ್ರದ ಚಾಕರಿಯೂ ಇದೆ. ಇಲ್ಲಿಗೆ ಬಂದ ಹೊಸತರಲ್ಲಿ ನೆರೆಮನೆಯ ಅಜ್ಜಿಯೊಬ್ಬರು ಅದನ್ನು ಕಲಿಸಿಕೊಟ್ಟರು. ಮೊದಲು ಪ್ಲಗ್ ಕಿತ್ತಿಡು. ಚೀಲ ಪೂರ್ತಿ ತುಂಬುವವರೆಗೆ ಕಾಯಬೇಡ. ಗಾಳಿ ಹೊರಗೆ ಹೋಗುವುದು ಚೀಲದ ಸಣ್ಣ ರಂಧ್ರಗಳಿಂದಲೇ. ಅವು ಮುಚ್ಚಿದರೆ ಎಳೆತ ಸೊರಗುತ್ತದೆ. ಅನೇಕ ಯಂತ್ರಗಳಲ್ಲಿ ಆ ಗಾಳಿಯೇ ಮೋಟಾರನ್ನು ತಂಪಾಗಿಡುವುದರಿಂದ ಮೋಟಾರೂ ಬಿಸಿಯಾಗುತ್ತದೆ. ಮಗುಚಿ ಹಾಕಿ, ಉರುಳುವ ಬ್ರಷ್ಷಿಗೆ ಸುತ್ತಿಕೊಂಡ ಕೂದಲನ್ನು ಕತ್ತರಿಯಿಂದ ಕೊಯ್ದು ತೆಗೆ. ರಬ್ಬರ್ ಬೆಲ್ಟ್ ಸಡಿಲವಾಗಿದ್ದರೆ ಬದಲಿಸು. ತೊಳೆಯಬಹುದು ಎಂದು ಬರೆದಿರುವ ಫಿಲ್ಟರನ್ನು ಮಾತ್ರ ತಣ್ಣೀರಿನಲ್ಲಿ ತೊಳೆ, ಒಂದು ದಿನವಿಡೀ ಒಣಗಿಸದೆ ಹಾಕಬೇಡ. ಉದ್ದ ಕೂದಲಿನ ಹೆಣ್ಣುಮಕ್ಕಳಿರುವ ನಮ್ಮ ಮನೆಗೆ ಕತ್ತರಿಯ ಪಾಠವೇ ದೊಡ್ಡದು.

ಅಮ್ಮ ಮೊದಲ ಸಲ ಇಲ್ಲಿಗೆ ಬಂದಿದ್ದಾಗ ಯಂತ್ರವನ್ನು ಸುತ್ತುಹಾಕಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಅದೆಲ್ಲ ಸರಿ, ಇದರ ಹೊಟ್ಟೆ ಯಾರು ತೊಳೀತಾರೆ?”

ಅವಳ ಪ್ರಶ್ನೆಗೆ ಕಾರಣವಿತ್ತು. ಭಾರತದಲ್ಲಿ 1982ರಲ್ಲಿ ಫೋರ್ಬ್ಸ್ ಮತ್ತು ಎಲೆಕ್ಟ್ರೋಲಕ್ಸ್ ಸೇರಿ ಯುರೇಕಾ ಫೋರ್ಬ್ಸ್ ಕಟ್ಟಿದವು. ಟೈ ಕಟ್ಟಿದ ಹುಡುಗರು ಮನೆಮನೆಗೆ ಬಂದು ವ್ಯಾಕ್ಯೂಮ್ ಕ್ಲೀನರ್ ತೋರಿಸುವ ಕಾಲ ಶುರುವಾಯಿತು. ನಮ್ಮ ಮೈಸೂರಿನ ಮನೆಗೂ ಒಂದು ಯಂತ್ರ ಬಂತು. ಆದರೆ ನಮ್ಮದು ಕೆಂಪು ಗಾರೆಯ ನೆಲ. ಪೊರಕೆಯಲ್ಲಿ ಗುಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಹೀಗಾಗಿ ಯಂತ್ರ ಅಟ್ಟದ ಮೇಲೆ ಕೂತಿತು. ದಸರೆಗೆ, ದೀಪಾವಳಿಗೆ ಸೋಫಾ ಶುಚಿ ಮಾಡಲು ಇಳಿಯುತ್ತಿತ್ತು. ಅಪ್ಪ ಅದನ್ನು ಉತ್ಸಾಹದಿಂದ ಓಡಿಸುತ್ತಿದ್ದರು. ಆಮೇಲೆ ಚೀಲವನ್ನು ಹಿತ್ತಲಿಗೆ ಒಯ್ದು ಕೊಡವುತ್ತಿದ್ದವಳು ದಿನವೂ ಪೊರಕೆ ಹಿಡಿಯುತ್ತಿದ್ದ ಕೆಲಸದಾಕೆಯೇ. ಸೆರಗನ್ನು ಮೂಗಿಗೆ ಒತ್ತಿಕೊಂಡು, ಕೆಮ್ಮುತ್ತ. ಸ್ಪ್ಯಾಂಗ್ಲರನ ಯಂತ್ರ ಏಳೆಂಟು ದಶಕ ದಾಟಿ ನಮ್ಮ ಹಿತ್ತಲಿಗೆ ತಲುಪಿತ್ತು. ಅವನ ಕೆಮ್ಮೂ ಅದರ ಜೊತೆಗೇ ಬಂದಿತ್ತು.

ಆಮೇಲಿನ ಸುಧಾರಣೆಗಳೂ ಚೀಲದ ಸುತ್ತಲೇ ತಿರುಗಿವೆ. ಧೂಳು ತುಂಬಿದ ಹಾಗೆ ಚೀಲದ ರಂಧ್ರ ಕಟ್ಟಿಕೊಳ್ಳುವುದನ್ನು ಗಮನಿಸಿದ ಇಂಗ್ಲೆಂಡಿನ ಜೇಮ್ಸ್ ಡೈಸನ್, ಮರದ ಗಿರಣಿಯಲ್ಲಿ ಹೊಟ್ಟನ್ನು ಸುಳಿಗಾಳಿಯಿಂದ ಬೇರ್ಪಡಿಸುವ ಉಪಾಯವನ್ನು ಮನೆಯ ಯಂತ್ರಕ್ಕೆ ತಂದ. 5,127 ಮಾದರಿಗಳನ್ನು ಮಾಡಿದ ಬಳಿಕ ಸರಿಹೋಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. 1993ರಲ್ಲಿ ಬ್ರಿಟನ್ನಿನ ಪೇಟೆಗೆ ಬಂದ ಅವನ ಯಂತ್ರದಲ್ಲಿ ಚೀಲವೇ ಇರಲಿಲ್ಲ. ಅದರ ಬದಲು ಪಾರದರ್ಶಕ ಡಬ್ಬಿ. ಬೂತ್ ತೋರಿಸಿದ್ದ ಧೂಳಿನ ತಮಾಷೆ ಮತ್ತೆ ಬಂತು. ಆದರೆ ಡಬ್ಬಿಯ ಮುಚ್ಚಳ ತೆಗೆದಾಗ ಕಸದ ತೊಟ್ಟಿಯ ಮೇಲೆ ಅದೇ ಹಳೆಯ ಮೋಡ. 2002ರಲ್ಲಿ ರೂಂಬಾ ಎಂಬ ರೋಬೋ ಬಂತು. 2018ರಲ್ಲಿ ತನ್ನ ಹೊಟ್ಟೆಯನ್ನು ತಾನೇ ಖಾಲಿ ಮಾಡಿಕೊಳ್ಳುವ ರೂಂಬಾ ಬಂತು. ಎಲ್ಲಿಗೆ ಖಾಲಿ ಮಾಡುತ್ತದೆ? ಗೋಡೆಯ ಬಳಿಯ ಪೆಟ್ಟಿಗೆಯಲ್ಲಿರುವ ಚೀಲಕ್ಕೆ!

ಕ್ಯಾಂಟನ್ ಪಕ್ಕದ ನ್ಯೂ ಬರ್ಲಿನ್ನನ್ನು ಈಗ ನಾರ್ತ್ ಕ್ಯಾಂಟನ್ ಎನ್ನುತ್ತಾರೆ. ಅಲ್ಲಿನ ಹೂವರ್ ಕಾರ್ಖಾನೆ 2007ರಲ್ಲಿ ಮುಚ್ಚಿತು. ತಲೆಮಾರುಗಳ ಕಾಲ ಊರಿಗೆ ಅನ್ನ ಕೊಟ್ಟ ಕಟ್ಟಡದ ಮುಂದೆ ಕಾರು ನಿಲ್ಲಿಸಿದಾಗ ನನಗೆ ನೆನಪಾದದ್ದು ಹೂವರ್ ಅಲ್ಲ, ಸೋಪಿನ ಪೆಟ್ಟಿಗೆಗೆ ದಿಂಬಿನ ಗವಸು ಕಟ್ಟಿದ ಮುದುಕ.

ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿದೆ: ಯಂತ್ರ ಓಡಿಸಿದವರೇ ಅದರ ಹೊಟ್ಟೆಯನ್ನೂ ಖಾಲಿ ಮಾಡಬೇಕು, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ. ಗಂಡನಿಗೂ ಮಕ್ಕಳಿಗೂ ವಿನಾಯಿತಿಯಿಲ್ಲ. ಹೋದ ವರ್ಷ ಬೆಂಗಳೂರಿನ ತಮ್ಮನಿಗೆ ಅವನ ಆಸೆಯಂತೆ ರೋಬೋ ಒಯ್ದು ಕೊಟ್ಟೆವು. ಜೊತೆಗೆ ಒಂದು ಪೆಟ್ಟಿಗೆ ಮಾಸ್ಕ್ ಕೂಡ. “ಇದು ಯಾತಕ್ಕೆ ಅಕ್ಕಾ?” ಎಂದ. ಕಟ್ಟಳೆಯನ್ನು ಹೇಳಿದೆ. ನಕ್ಕ. ಹೋದ ವಾರ ಫೋನಿನಲ್ಲಿ ಮಾತಾಡುವಾಗ, ಭಾನುವಾರ ಬಾಲ್ಕನಿಯಲ್ಲಿ ಕೂತು ಫಿಲ್ಟರ್ ಕೊಡವುವುದು ಈಗ ತನ್ನದೇ ಪಾಳಿ ಎಂದು ಗೊಣಗಿದ. ಅವನ ಹಿಂದೆ, ನೆಲ ಒರೆಸುತ್ತಿದ್ದ ಕೆಲಸದಾಕೆ ಜೋರಾಗಿ ನಕ್ಕದ್ದು ನನಗೆ ಕೇಳಿಸಿತು.